ಹನ್ನೆರಡನೇ ಕಾಲಂ

ಕಳೆದ ಭಾದ್ರಪದ, ಚೌತಿ ಮುಗಿದು ನಾಲ್ಕೈದು ದಿನವಾಗಿತ್ತು. ಮಳೆ ಹೊಳವಾದ ಒಂದು ಬೆಳಿಗ್ಗೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ನಮ್ಮ ಗದ್ದೆಯಂಚಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದ. ಬೆಳೆ ಸಮೀಕ್ಷೆಗೆ ಬಂದವನು. ಆ ಸರ್ವೆ ನಂಬರಿನ ಒಳಗೇ ನಿಂತು ಫೋಟೊ ತೆಗೆಯಬೇಕಂತೆ. ಅಲ್ಲೋ ಕಾಲಿಡಲು ಜಾಗವಿರಲಿಲ್ಲ. ಎಲ್ಲಾ ಶುಂಠಿ ಮಡಿ, ನಡುವೆ ಮೊಣಕಾಲುದ್ದದ ಬಸಿಗಾಲುವೆ. ಕಾಲುವೆ ದಾಟುತ್ತ ಅವನು ಲೋಕಾಭಿರಾಮವಾಗಿ ಕೇಳಿದ: "ಶುಂಠಿ ಯಾರು ಹಾಕಿರೋದು ಸಾರ್? ನೀವೇನಾ?"

"ಖುದ್ದು" ಎಂದೆ.

ಹುಡುಗ ಒಮ್ಮೆ ನನ್ನ ಮುಖ ನೋಡಿದ. ಅವನ ವಯಸ್ಸಿನವರು ಬಳಸುವ ಮಾತಲ್ಲ ಅದು. ಫೋಟೊ ತೆಗೆದು, ಬೆರಳಿನಲ್ಲಿ ಎರಡು ಸಲ ತಟ್ಟಿ, ಬೈಕ್ ಹತ್ತಿ ಹೋದ. ನಾನು ಮಾತ್ರ ಅಲ್ಲೇ ನಿಂತಿದ್ದೆ. ಮೂವತ್ತೈದು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತಿಯಾದವನ ಬಾಯಿಗೆ ಆ ಪದ ಬಂದದ್ದು ಸೋಜಿಗವೇನಲ್ಲ. ಆದರೆ ಅದು ನಾನು ಕಚೇರಿಯಲ್ಲಿ ಕಲಿತ ಪದವಲ್ಲ, ನಮ್ಮ ಮನೆಯ ಜಗಲಿಯಲ್ಲಿ ಕಲಿತದ್ದು. ಹೇಳಿದ್ದು ಸುಳ್ಳು ಎಂಬುದು ಬೇರೆ ಮಾತು. ಶುಂಠಿ ನನ್ನದಲ್ಲ.

ಆಗ ನನಗೆ ಹನ್ನೆರಡೋ ಹದಿಮೂರೋ. ಶಾನುಭೋಗಿಕೆ, ಪಟೇಲಿಕೆ 1963ರಲ್ಲೇ ರದ್ದಾಗಿದ್ದರೂ ಊರವರ ಬಾಯಲ್ಲಿ ಗ್ರಾಮ ಲೆಕ್ಕಿಗರು ಇನ್ನೂ ಶಾನುಭೋಗರೇ. ಸುಗ್ಗಿ ಮುಗಿದ ಮೇಲೆ ಒಂದು ದಿನ ಉದ್ದನೆಯ ಪಹಣಿ ಪುಸ್ತಕ ಹಿಡಿದು ಬರುತ್ತಿದ್ದರು. ಗದ್ದೆಗೆ ಇಳಿದದ್ದನ್ನು ನಾನು ಕಂಡಿಲ್ಲ. ಜಗಲಿಯ ಮೇಲೆ ಚಾಪೆ, ಮೊಸರವಲಕ್ಕಿ, ಆಮೇಲೆ ಕವಳದ ತಟ್ಟೆ. ಅಲ್ಲೇ ಊರಿನ ಗದ್ದೆಗಳೆಲ್ಲ ಪುಸ್ತಕಕ್ಕೆ ಇಳಿಯುತ್ತಿದ್ದವು. ಆ ದಿನ ಅವರು ಲೇಖನಿ ಎತ್ತಿ ಹಿಡಿದು, "ಇಲ್ಲಿ ಏನು ಬರೀಲಿ?" ಎಂದರು. ಅಪ್ಪ ಅಡಿಕೆ ಕತ್ತರಿಸುತ್ತಲೇ, "ಖುದ್ದು ಅಂತಲೇ ಬರೀರಿ" ಎಂದರು. ನಾನು ಹೆಗಲ ಮೇಲಿಂದ ಬಗ್ಗಿ ಓದಿದೆ. ಓದಲು ಬರುತ್ತದೆಂಬ ಹೆಮ್ಮೆ. ಖುದ್ದು ಅಂದರೇನು ಎಂದು ಕೇಳಿದ್ದಕ್ಕೆ, "ನಾವೇ ಮಾಡೋದು ಅಂತ" ಎಂದರು ಅಪ್ಪ.

ಅದೇ ಹೊತ್ತಿಗೆ ಅಂಗಳದಲ್ಲಿ ನಮ್ಮ ಒಕ್ಕಲು ಗಾಡಿಯಿಂದ ಗೇಣಿ ಭತ್ತದ ಚೀಲ ಇಳಿಸುತ್ತಿದ್ದರು.

ಈಗ ಬರೆಯುವಾಗ 'ಇಳಿಸುತ್ತಿದ್ದರು' ಎಂದಿದ್ದೇನೆ. ಆಗ ಹಾಗಲ್ಲ. ಅಪ್ಪನಿಗಿಂತ ಹತ್ತು ವರ್ಷ ಹಿರಿಯರಾದ ಅವರನ್ನು ನಾನು, ಚಡ್ಡಿ ಹಾಕುವ ಹುಡುಗ, ಏಕವಚನದಲ್ಲಿ ಹೆಸರು ಹಿಡಿದು ಕೂಗುತ್ತಿದ್ದೆ. ಅವರು ನನ್ನನ್ನು 'ಸಣ್ಣೊಡೇರೆ' ಎನ್ನುತ್ತಿದ್ದರು. ಇದರಲ್ಲಿ ಏನೋ ತಪ್ಪಿದೆ ಎಂದು ಆ ಅಂಗಳದಲ್ಲಿದ್ದ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಅವರಿಗೂ ಅನ್ನಿಸಲಿಲ್ಲ ಎಂದು ಬರೆಯಲು ಮಾತ್ರ ನನಗೆ ಧೈರ್ಯವಿಲ್ಲ.

ಪಹಣಿ ನೋಡಿದವರಿಗೆ ಗೊತ್ತು: 9ನೇ ಕಾಲಂ ಒಡೆತನದ್ದು, 12ನೇ ಕಾಲಂ ಸಾಗುವಳಿಯದು. ಜಮೀನು ಯಾರದು ಎಂಬುದಕ್ಕೆ ಒಂದು, ಉಳುವವರು ಯಾರು ಎಂಬುದಕ್ಕೆ ಇನ್ನೊಂದು. ಎರಡರಲ್ಲೂ ಒಂದೇ ಹೆಸರಿದ್ದರೆ ಜಗಳವಿಲ್ಲ. ಭೂಸುಧಾರಣಾ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿದಾರರಿಗೆ ರಕ್ಷಣೆ ಕೊಡುತ್ತೇನೆಂದು ಬಂದ ಕಾನೂನು ಅದು. ನಮ್ಮ ಕಡೆ ಅದರಿಂದ ಮೊದಲು ಆದ ಕೆಲಸವೆಂದರೆ ಜಗಲಿ ಜಗಲಿಗಳಲ್ಲಿ 12ನೇ ಕಾಲಂ ಹಸನಾದದ್ದು. ಒಕ್ಕಲುಗಳು ಗದ್ದೆಯಲ್ಲೇ ಉಳಿದರು, ಪುಸ್ತಕದಿಂದ ಇಳಿದರು.

ನಮ್ಮದು ದೊಡ್ಡ ಜಮೀನ್ದಾರಿಕೆಯೇನಲ್ಲ. ಎರಡೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ಕಣಿವೆಯಲ್ಲಿ ಆರು ಎಕರೆ ಗದ್ದೆ. ತೋಟವನ್ನು ನಾವು ನೋಡಿಕೊಳ್ಳುತ್ತಿದ್ದೆವು, ಗದ್ದೆ ಗೇಣಿಗೆ. ಸಾಗರ ತಾಲ್ಲೂಕಿನ ಕಾಗೋಡು ನಮಗೆ ಬಹಳ ದೂರವಲ್ಲ. 1951ರಲ್ಲಿ ಅಲ್ಲಿನ ದೀವರ ಒಕ್ಕಲುಗಳು, ಗೇಣಿ ಅಳೆಯುವ ಕೊಳಗವೇ ಮೋಸದ್ದು ಎಂದು ಎದ್ದು ನಿಂತರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಾನು ಹುಟ್ಟಿದ್ದು ಅದಾದ ಮೇಲೆ. ಅಪ್ಪ ಆ ಕತೆ ಹೇಳುವಾಗ ಪ್ರತಿ ಸಲವೂ ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ನಮ್ಮ ಮನೇಲಿ ಕೊಳಗ ಒಂದೇ. ಕೊಡೋದಕ್ಕೂ ಅದೇ, ತಗೊಳ್ಳೋದಕ್ಕೂ ಅದೇ." ಅದು ನಿಜ. ಅಟ್ಟದ ಮೇಲೆ ಈಗಲೂ ಇದೆ ಆ ಕೊಳಗ. ಆಷಾಢದಲ್ಲಿ ಕಾಳು ಮುಗಿದಾಗ ಒಕ್ಕಲ ಮನೆಗೆ ಅದರಲ್ಲೇ ಅಳೆದು ಕೊಡುತ್ತಿದ್ದರು. ಅವರ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಗಾಡಿ ಕಟ್ಟಿಸಿ, ದುಡ್ಡು ಕೊಟ್ಟು ಪೇಟೆಗೆ ಕಳಿಸಿದ್ದೂ ಅಪ್ಪನೇ. ಅಪ್ಪ ಕೆಟ್ಟವರಾಗಿರಲಿಲ್ಲ ಎಂದು ಬರೆಯಲು ಕೈ ತಾನಾಗಿ ಓಡುತ್ತಿದೆ. ಕೊಳಗ ಸರಿಯಾಗಿತ್ತು, ಪುಸ್ತಕ ಸರಿಯಾಗಿರಲಿಲ್ಲ. ಅಷ್ಟು ಬರೆದು ಮುಂದೆ ಹೋಗುತ್ತೇನೆ.

ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಆ ದಿನದಿಂದ ಸರ್ಕಾರದ ವಶ. ಉಳುತ್ತಿದ್ದವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ, ತಾನೇ ಗೇಣಿದಾರನೆಂದು ಭೂನ್ಯಾಯಮಂಡಳಿಯ ಮುಂದೆ ತೋರಿಸಿದರೆ ಅಧಿಭೋಗದ ಹಕ್ಕು. ನಮ್ಮ ಕಡೆ ಅರ್ಜಿ ಎನ್ನುವವರಿಲ್ಲ, 'ಡಿಕ್ಲರೇಶನ್ ಹಾಕುವುದು' ಎಂದೇ ಮಾತು. ಅವ ಡಿಕ್ಲರೇಶನ್ ಹಾಕಿದನಂತೆ, ಇವನ ಮೇಲೆ ಡಿಕ್ಲರೇಶನ್ ಬಿತ್ತಂತೆ. ಮದುವೆ ಮನೆ, ಶ್ರಾದ್ಧದ ಮನೆ, ಎಲ್ಲಿ ಹೋದರೂ ಅದೇ ಸುದ್ದಿ. ರಾಜ್ಯದಲ್ಲಿ ಹಾಗೆ ಬಿದ್ದ ಅರ್ಜಿಗಳು ಸುಮಾರು ಎಂಟು ಲಕ್ಷ.

ಅದರಲ್ಲಿ ಕೆಲವು ನೂರು ನನ್ನ ಕೈಬರಹದವು. ಬಿ.ಎ. ಮುಗಿಸಿ 1976ರಲ್ಲಿ ತಾಲ್ಲೂಕು ಕಚೇರಿಗೆ ಹಂಗಾಮಿ ಗುಮಾಸ್ತನಾಗಿ ಸೇರಿದೆ. ಕೂರಿಸಿದ್ದು ಮಂಡಳಿಯ ಶಾಖೆಯಲ್ಲಿ. ಒಡೆಯರ ಮನೆಯ ಹುಡುಗ ಒಕ್ಕಲುಗಳ ಅರ್ಜಿ ಪಡೆಯುವ ಮೇಜಿಗೆ. ಕಚೇರಿಯಲ್ಲಿ ಯಾರೂ ಇದನ್ನು ವಿಶೇಷವೆಂದುಕೊಳ್ಳಲಿಲ್ಲ, ಮೇಜುಗಳ ಆಚೆ ಕೂತವರಲ್ಲಿ ಮುಕ್ಕಾಲು ಮಂದಿ ನನ್ನಂಥವರೇ.

ಬರೆಯಲು ಬಾರದವರ ಫಾರಂ ತುಂಬಿಕೊಡುವುದು ನನ್ನ ಕೆಲಸವಲ್ಲ. ಆದರೂ ತುಂಬುತ್ತಿದ್ದೆ. ಅವರಾರಿಗೂ ಸರ್ವೆ ನಂಬರ್ ಗೊತ್ತಿರಲಿಲ್ಲ, ಗದ್ದೆಯ ಹೆಸರು ಗೊತ್ತಿತ್ತು. ಹೊಳೆಸಾಲು, ಮಾವಿನ ಮಕ್ಕಿ, ಭೂತನ ಹೊಂಡ. ಚಕ್ಕುಬಂದಿ ಹೇಳು ಎಂದರೆ ಕಣ್ಣು ಮುಚ್ಚಿ, ತಾವಿರುವುದು ಕಚೇರಿಯ ವರಾಂಡದಲ್ಲಲ್ಲ, ಗದ್ದೆಯ ಅಂಚಿನಲ್ಲಿ ಎಂಬಂತೆ ಒಂದೊಂದೇ ದಿಕ್ಕಿಗೆ ತಿರುಗಿ ಹೇಳುತ್ತಿದ್ದರು: ಮೂಡಲಿಗೆ ಹಳ್ಳ, ಪಡುವಲಿಗೆ ಒಡೇರ ಬೆಟ್ಟ, ತೆಂಕಲಿಗೆ ಬಸರಿ ಮರ. ಆ ಹೆಸರಿಗೆ ನಾನು ಗ್ರಾಮನಕ್ಷೆಯಲ್ಲಿ ನಂಬರ್ ಹುಡುಕುತ್ತಿದ್ದೆ. ಸಿಕ್ಕಿದಾಗ ಒಂಥರಾ ಸಂಭ್ರಮ. ಒಬ್ಬ ಮುದುಕ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಆ ನಂಬರನ್ನು ಹತ್ತು ಸಲ ಬಾಯಿಪಾಠ ಮಾಡುತ್ತ ಮೆಟ್ಟಿಲಿಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅಷ್ಟು ವರ್ಷ ಉತ್ತ ಗದ್ದೆಗೆ ಸರ್ಕಾರ ಇಟ್ಟ ಹೆಸರು ಅವನಿಗೆ ತಿಳಿದದ್ದು ಅವತ್ತು.

ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಆಗ ಪ್ರವೇಶವಿರಲಿಲ್ಲ. ಒಡೆಯ, ಒಕ್ಕಲು ಇಬ್ಬರೂ ಒಂದೇ ಮೇಜಿನೆದುರು ನಿಂತು ಅವರವರ ಬಾಯಲ್ಲೇ ಹೇಳಬೇಕು. ಒಡೆಯರ ಮಾತು ಹೆಚ್ಚುಕಡಿಮೆ ಒಂದೇ: "ಅವ ಕೂಲಿಗೆ ಬರ್ತಿದ್ದ." ಗೇಣಿ ಚೀಟಿ ಎಲ್ಲಿ ಎಂದರೆ ಒಕ್ಕಲು ನಗುತ್ತಿದ್ದ. ಚೀಟಿ ಕೊಡುವ ಒಡೆಯ ಇದ್ದರೆ ತಾನೆ? ಆಗ ಎಲ್ಲರ ಕಣ್ಣೂ ಪಹಣಿಯ ಕಡೆ. 12ನೇ ಕಾಲಮಿನಲ್ಲಿ ಹೆಸರಿದ್ದವನು ಗೆದ್ದ. ಇಲ್ಲದವನ ಪಾಲಿಗೆ ಉಳಿದದ್ದು ಪಕ್ಕದ ಗದ್ದೆಯವರ ಹೇಳಿಕೆ, ಸ್ಥಳ ತನಿಖೆ, ಸದಸ್ಯರ ಮನಸ್ಸು.

ಎಲ್ಲವೂ ನ್ಯಾಯವಾಗಿ ನಡೆಯಿತು ಎಂದರೆ ನಾನು ಸುಳ್ಳುಗಾರನಾಗುತ್ತೇನೆ. ತಮ್ಮನನ್ನೇ ಒಕ್ಕಲೆಂದು ತೋರಿಸಿ ಅರ್ಜಿ ಹಾಕಿಸಿ, ಮಿತಿ ಮೀರಿದ ಜಮೀನನ್ನು ಉಳಿಸಿಕೊಂಡವರನ್ನು ಕಂಡೆ. ಎರಡೇ ಸಾಲಿನ ಆದೇಶ ಬರೆದು, ಅದು ಹೈಕೋರ್ಟಿನಿಂದ ತಿರುಗಿ ಬಂದು, ಮತ್ತೆ ಹೊಸದಾಗಿ ವಿಚಾರಣೆ ನಡೆದದ್ದನ್ನು ಕಂಡೆ. ಒಬ್ಬ ವಿಧವೆಯ ಮುಖ ಮರೆಯಲಾರೆ. ಗಂಡ ಬಿಟ್ಟುಹೋದ ಎರಡೆಕರೆಯನ್ನು ಉಳಲಾಗದೆ ಗೇಣಿಗೆ ಕೊಟ್ಟಿದ್ದರು. ಅವರ ಒಕ್ಕಲಿಗೆ ಅವರಿಗಿಂತ ಹೆಚ್ಚು ಜಮೀನಿತ್ತು. ಕಾನೂನು ಅದನ್ನೆಲ್ಲ ಕೇಳುವುದಿಲ್ಲ, ಗೇಣಿ ಇತ್ತೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಇತ್ತು ಎಂದು ಆಕೆಯೇ ಒಪ್ಪಿಕೊಂಡರು. ಆ ವರ್ಷಗಳಲ್ಲಿ ಮಂಡಳಿಯ ಎದುರು ನಿಂತು ನಿಜ ಹೇಳಿದ ಒಡೆಯರು ನನ್ನ ಲೆಕ್ಕಕ್ಕೆ ಸಿಕ್ಕವರು ಮೂರೋ ನಾಲ್ಕೋ. ಆಕೆ ಅವರಲ್ಲೊಬ್ಬರು.

ನಮ್ಮ ಒಕ್ಕಲು ಮಾತ್ರ ಬಂದಿರಲಿಲ್ಲ. "ಅವ ಹಾಕೋದಿಲ್ಲ ಬಿಡು" ಎನ್ನುತ್ತಿದ್ದರು ಅಪ್ಪ. ಆ ದನಿಯಲ್ಲಿ ವಿಶ್ವಾಸವೂ ಇತ್ತು, ಎಚ್ಚರವೂ ಇತ್ತು. ಹಬ್ಬಕ್ಕೆ ಅವರ ಮನೆಗೆ ಹೋಗುವ ಬೆಲ್ಲದ ಅಚ್ಚು ಒಂದಿದ್ದದ್ದು ಎರಡಾಗಿತ್ತು.

ಅರ್ಜಿಯ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಆ ತಿಂಗಳ ಕೊನೆಯ ಸಂತೆಯ ದಿನ, ಮಧ್ಯಾಹ್ನ, ಹೊರಗೆ ಆರಿದ್ರೆ ಮಳೆ ಹೊಯ್ಯುತ್ತಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಅವರು. ಕಂಬಳಿ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ನೆಲ ಒದ್ದೆಯಾದೀತೆಂದು ಹೊಸ್ತಿಲ ಹೊರಗೇ ನಿಂತಿದ್ದರು. ನಾನು ಎದ್ದು ಹೋದೆ. ಅದೂ ಇದೂ ಮಾತಾಯಿತು. ಅಗೆ ಹೇಗಿದೆ, ಕೆರೆ ತುಂಬಿತೋ, ಎತ್ತಿನ ಕಾಲು ವಾಸಿಯಾಯಿತೋ. ಆಮೇಲೆ ಅವರು ನನ್ನ ಹಿಂದಿನ ಮೇಜಿನ ಮೇಲಿದ್ದ ಕಾಗದದ ರಾಶಿ ನೋಡುತ್ತ ಕೇಳಿದರು:

"ಎಲ್ಲಾರೂ ಹಾಕ್ತಿದಾರಂತಲ್ರಾ ಸಣ್ಣೊಡೇರೆ. ನಾನೂ ಹಾಕ್ಬೇಕೇನ್ರಾ?"

ಹತ್ತು ನಿಮಿಷದ ಹಿಂದೆ ಯಾರೋ ಗುರುತಿಲ್ಲದವನಿಗೆ ಇದೇ ಪ್ರಶ್ನೆಗೆ, "ಈಗಲೇ ಹಾಕು ಮಾರಾಯ, ನಾಳೆ ನಾಡಿದ್ದು ಅನ್ನಬೇಡ" ಎಂದು ಗದರಿಸಿ ಕೂರಿಸಿದ್ದೆ. ಖಾಲಿ ಫಾರಂ ಕೈಯಳತೆಯಲ್ಲಿತ್ತು. ನಮ್ಮ ಗದ್ದೆಯ ಸರ್ವೆ ನಂಬರ್ ಹುಡುಕಬೇಕಾದ್ದೂ ಇರಲಿಲ್ಲ.

"ಅಪ್ಪನ ಹತ್ರ ಒಂದು ಮಾತು ಕೇಳು" ಎಂದೆ.

"ಹೌದು ಹೌದು, ಅದೇ ಸರಿ" ಎಂದರು. ನನಗೆ ಮುಜುಗರವಾಗದಿರಲಿ ಎಂಬಂತೆ ಎರಡು ಸಲ ತಲೆಯಾಡಿಸಿದರು. ಸಂತೆಯಿಂದ ಕೊಂಡಿದ್ದ ಮಂಡಕ್ಕಿ ಪೊಟ್ಟಣದಿಂದ ಒಂದು ಹಿಡಿ ನನ್ನ ಕೈಗೆ ಹಾಕಿ ಹೋದರು. ಅಪ್ಪನ ಹತ್ತಿರ ಕೇಳಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ವಿಚಾರಿಸಲಿಲ್ಲ. ಜೂನ್ 30 ಕಳೆಯಿತು.

ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ನನ್ನದು ಕರ್ತವ್ಯಲೋಪವಲ್ಲ. ಹಾಕಬೇಡ ಎಂದಿಲ್ಲ, ಫಾರಂ ಇಲ್ಲ ಎಂದಿಲ್ಲ. ಬಹಳ ವರ್ಷ ಈ ಸಮಾಧಾನದಲ್ಲೇ ಇದ್ದೆ.

ಅವರು ಮುಂದೆಯೂ ಆ ಗದ್ದೆಯನ್ನೇ ಮಾಡಿಕೊಂಡಿದ್ದರು. ಗೇಣಿ ಎಂಬ ಹೆಸರು ಹೋಗಿತ್ತು. ಬೆಳೆದದ್ದರಲ್ಲಿ ಒಂದಷ್ಟು ಮನೆಗೆ ಬರುತ್ತಿತ್ತು, ಒಂದಷ್ಟು ಅಲ್ಲೇ ಉಳಿಯುತ್ತಿತ್ತು. ಅಪ್ಪ ಮೇಲಿನ ಮಕ್ಕಿಯ ಅರ್ಧ ಎಕರೆಯನ್ನು, "ಇದು ನಿಂದೇ ಇಟ್ಟುಕೋ" ಎಂದು ಬಾಯಿಮಾತಿನಲ್ಲಿ ಕೊಟ್ಟರು. ಅದರ ಮೂಲೆಯಲ್ಲೊಂದು ಹಲಸಿನ ಮರ. ಅವರು ತೀರಿಕೊಂಡ ಮೇಲೆ ಮಕ್ಕಳಿಬ್ಬರೂ ಭದ್ರಾವತಿಯ ಕಡೆ ಕೆಲಸ ಹುಡುಕಿಕೊಂಡು ಹೋದರು. ಅಪ್ಪನೂ ಹೋದರು. ನಮ್ಮ ಅಣ್ಣತಮ್ಮಂದಿರ ಹಿಸ್ಸೆಯಾಯಿತು. ಸರ್ವೆಯವರು ಸರಪಳಿ ಹಿಡಿದು ಬಂದಾಗ ಮಕ್ಕಿಯ ಆ ಅರ್ಧ ಎಕರೆ ನನ್ನ ಪಾಲಿನೊಳಗೆ ಬಿತ್ತು. ಬಾಯಿಮಾತಿಗೆ ಬಾಂದುಕಲ್ಲು ಇರುವುದಿಲ್ಲ. ಇರಲಿ ಎಂದು ಸುಮ್ಮನಾದೆ.

ಆಮೇಲೆ 'ಭೂಮಿ' ಬಂತು. ರಾಜ್ಯದ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಹದಿನೈದು ರೂಪಾಯಿಗೆ ಯಾರು ಬೇಕಾದರೂ ಪಡೆಯಬಹುದಿತ್ತು. ಲೆಕ್ಕಿಗರ ಮನೆಯ ಮುಂದೆ ಕಾಯುವುದು, ಕೈ ಬೆಚ್ಚಗೆ ಮಾಡುವುದು, ರಾತ್ರೋರಾತ್ರಿ ಹೆಸರು ತಿದ್ದಿಸುವುದು ತಪ್ಪಿದವು. ಆ ಕೆಲಸದಲ್ಲಿ ನಾನೂ ಇದ್ದೆ, ಅದರ ಬಗ್ಗೆ ಈಗಲೂ ನನಗೆ ಅಭಿಮಾನವಿದೆ. ಆದರೆ ಡೇಟಾ ಎಂಟ್ರಿಯ ಹುಡುಗಿಯರು ಪುಸ್ತಕದಲ್ಲಿ ಇದ್ದದ್ದನ್ನು ಟೈಪಿಸಿದರು, ಗದ್ದೆಯಲ್ಲಿ ಇದ್ದದ್ದನ್ನಲ್ಲ. ಜಗಲಿಯ ಮೇಲೆ ಅವಲಕ್ಕಿಯ ಜೊತೆ ಬರೆದ ಅಕ್ಷರಕ್ಕೆ ಒಂದು ನಡುಕವಾದರೂ ಇತ್ತು. ಅಚ್ಚಾಗಿ ಬಂದ ಮೇಲೆ ಅದೂ ಇಲ್ಲ.

ನಿವೃತ್ತಿಯಾಗಿ ಊರಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಬೆಟ್ಟದ ನೆತ್ತಿಗೆ ಹತ್ತಿದೆ. ನಾನು ಚಿಕ್ಕವನಿದ್ದಾಗ ಅಲ್ಲಿಂದ ಕಂಡರೆ ಕಣಿವೆ ಪೂರ್ತಿ ಗದ್ದೆ, ಮೆಟ್ಟಿಲು ಮೆಟ್ಟಿಲಾಗಿ ಕೆರೆಯಿಂದ ಹಳ್ಳದವರೆಗೆ. ತಗ್ಗಿನಲ್ಲಿ ನೆರೆಗೆ ಜಗ್ಗದ ನೆರೆಗುಳಿ, ಜಡ್ಡು ಭತ್ತ. ಕೊಯ್ಲಾದ ಮೇಲೆ ಬೇಲಿಯೆಂಬುದೇ ಇಲ್ಲ. ಊರ ದನವೆಲ್ಲ ಎಲ್ಲರ ಗದ್ದೆಯಲ್ಲೂ ಮೇಯಬೇಕು. ಡಿಕ್ಲರೇಶನ್ ಆದ ಮೇಲೆ ಆ ನೋಟ ಬದಲಾಯಿತು. ಹುಲ್ಲಿನ ಮಾಡಿದ್ದ ಕಡೆ ಮಂಗಳೂರು ಹಂಚು ಬಂತು, ಗದ್ದೆಯಂಚಿನಲ್ಲಿ ಬೇಲಿ ಬಂತು. ಹಂಚು ಕಂಡರೆ ಅಪ್ಪನ ಓರಗೆಯವರು ಮೂಗು ಮುರಿಯುತ್ತಿದ್ದರು. ನನಗೆ ಆ ಕೆಂಪು ಚೆಂದ ಕಾಣುತ್ತಿತ್ತು, ಅದರಲ್ಲಿ ನನ್ನ ಕೈಬರಹದ್ದೂ ಕೆಲವು ಇವೆ ಎಂದು. ಈಗ ನೆತ್ತಿಯಿಂದ ಕಾಣುವುದು ಅಡಿಕೆ ತಲೆಗಳೇ. ಹಳೇ ಒಡೆಯ, ಹಳೇ ಒಕ್ಕಲು ಇಬ್ಬರ ಮಕ್ಕಳೂ ಜೆಸಿಬಿ ತರಿಸಿ, ಬೆಟ್ಟದ ಧರೆ ಕಡಿದು, ಗದ್ದೆಗೆ ಹೊಸ ಮಣ್ಣು ತುಂಬಿ ತೋಟ ಎಬ್ಬಿಸಿದ್ದಾರೆ. ಈ ಒಂದು ವಿಷಯದಲ್ಲಿ ಪೂರ್ಣ ಸಮಾನತೆ ಬಂದಿದೆ. ಎಲೆಚುಕ್ಕಿ ರೋಗವೂ ಭೇದ ಮಾಡುತ್ತಿಲ್ಲ. ಆಚೆ ಗೋಮಾಳವಿದ್ದ ಗುಡ್ಡದ ಮೇಲೆ ಅಕೇಶಿಯಾ. ಅದರ ಬುಡದಲ್ಲಿ ಹುಲ್ಲೂ ಇಲ್ಲ, ದನವೂ ಇಲ್ಲ.

ನಡುವೆ ಗದ್ದೆಯಾಗಿಯೇ ಉಳಿದದ್ದು ನನ್ನ ಪಾಲು. ಆಳು ಸಿಗುವುದಿಲ್ಲ, ಭತ್ತ ಗಿಟ್ಟುವುದಿಲ್ಲ. ಎರಡು ವರ್ಷ ಹಡ್ಲು ಬಿಟ್ಟೆ. ಮೂರನೇ ವರ್ಷ ಕೇರಳದ ಕಡೆಯವರೊಬ್ಬರು ಶುಂಠಿಗೆಂದು ಕೇಳಿಕೊಂಡು ಬಂದರು. ಒಂದು ಬೆಳೆಗೆ ಎಕರೆಗೆ ಇಷ್ಟೆಂದು ಕೈಗೆ ನಗದು. ಕಾಗದವಿಲ್ಲ. ಕಾಗದ ಮಾಡುವಂತೆಯೂ ಇಲ್ಲ, ಯಾಕೆಂದರೆ ಸೈನಿಕರು, ನಾವಿಕರನ್ನು ಬಿಟ್ಟು ಉಳಿದವರು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಆ ಭೂಸುಧಾರಣಾ ಕಾಯ್ದೆಯೇ ನಿಷೇಧಿಸಿದೆ. 2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು ದಾರಿ ಬಿಟ್ಟರು. ಆಮೇಲೆ ಬೆಂಗಳೂರಿನಿಂದ ಫೋನು ಬರುವುದು ಹೆಚ್ಚಾಯಿತು, 'ವ್ಯೂ ಚೆನ್ನಾಗಿದೆಯಾ' ಎಂದು ಕೇಳುತ್ತಾರೆ. ಆದರೆ ಗೇಣಿಯ ನಿಷೇಧ ಹಾಗೇ ಇದೆ. ಕಾನೂನಿನ ಕಣ್ಣಿಗೆ ಇವತ್ತು ನಾನು ಕೊಳ್ಳುವವನಿಗೆ ಮಾರಬಹುದು, ಬೆಳೆಯುವವನಿಗೆ ಕೊಡುವಂತಿಲ್ಲ.

ಹಾಗಾಗಿ ಖುದ್ದು. ಶುಂಠಿಯವರಿಗೂ ಅದೇ ಅನುಕೂಲ. ಅವರಿಗೆ ನನ್ನ ಗದ್ದೆಯ ಮೇಲೆ ಹಕ್ಕು ಬೇಡ. ಒಂದು ಬೆಳೆ ತೆಗೆದ ನೆಲದಲ್ಲಿ ಮತ್ತೆ ಶುಂಠಿ ಹಾಕುವುದಿಲ್ಲ, ಕೊಳೆರೋಗ ಬರುತ್ತದೆ. ಮುಂದಿನ ವರ್ಷ ಬೇರೆ ಊರು, ಬೇರೆ ಗದ್ದೆ. ನಲವತ್ತು ವರ್ಷ ಒಂದೇ ಗದ್ದೆಯ ಅಂಚು ಕಡಿದು ಕೆಸರು ಮೆತ್ತಿದವರಿಗೆ ಸಿಗದ ಗೌರವ, ಕಾರಿನಲ್ಲಿ ಬಂದು ಒಂದೇ ವರ್ಷಕ್ಕೆ ನೆಲ ಹಿಂಡಿ ಹೋಗುವವರಿಗೆ ನಮ್ಮ ಮನೆಯಲ್ಲಿ ಸಿಗುತ್ತಿದೆ. ಅವರನ್ನು ನಾನು ಮೊದಲ ದಿನದಿಂದ ಬಹುವಚನದಲ್ಲೇ ಮಾತಾಡಿಸಿದ್ದೇನೆ. ಮಡಿ ಹೊಡೆಯಲು ಅಡ್ಡವೆಂದು ಮಕ್ಕಿಯ ಹಲಸಿನ ಮರ ಕಡಿಯಲು ಕೇಳಿದಾಗ ಹೂಂ ಅಂದದ್ದೂ ನಾನೇ.

ಸಮೀಕ್ಷೆಯ ಹುಡುಗ ಹೋದ ಮರುವಾರ ತಾಲ್ಲೂಕು ಕಚೇರಿಗೆ ಹೋದೆ. ಹಿಸ್ಸೆಯ ಪೋಡಿ ಅರೆಬರೆಯಾಗಿ ಉಳಿದಿತ್ತು, ಅದಕ್ಕೆ ಹಳೆಯ ಕೈಬರಹದ ಪಹಣಿಯ ನಕಲು ಬೇಕಿತ್ತು. ರೆಕಾರ್ಡ್ ರೂಮಿನ ಕಡತಗಳನ್ನೆಲ್ಲ ಈಗ ಸ್ಕ್ಯಾನ್ ಮಾಡುತ್ತಿದ್ದಾರೆ. ನಾನು ಕೆಮ್ಮುತ್ತ ಧೂಳು ಕೊಡವಿ ತೆಗೆಯುತ್ತಿದ್ದ ಪುಸ್ತಕ ಪರದೆಯ ಮೇಲೆ ಬಂತು. ನಮ್ಮ ನಂಬರಿನ ಪುಟ. ಕೊನೆಯ ವರ್ಷಗಳಲ್ಲಿ ಖುದ್ದು, ಖುದ್ದು. ಅದರ ಮೇಲಿನ ಸಾಲಿನಲ್ಲಿ, ಕೆಂಪು ಶಾಯಿಯ ಗೀಟಿನಡಿ, ಅವರ ಹೆಸರು. ಮುಂದೆ 'ಬಿನ್' ಎಂದು ಬರೆದು ಅವರ ತಂದೆಯ ಹೆಸರು. ಅದಾದ ಮೇಲೆ 'ಗೇಣಿ'.

ಅವರ ತಂದೆಯ ಹೆಸರು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಮನುಷ್ಯ. ಅಂದು ಹೊಸ್ತಿಲಲ್ಲಿ ಫಾರಂ ತುಂಬಲು ಕೂತಿದ್ದರೆ ಮೊದಲ ಸಾಲಿಗೇ ಅದನ್ನು ಕೇಳಬೇಕಾಗುತ್ತಿತ್ತು.

"ಎಷ್ಟು ಕಾಪಿ ಸಾರ್?" ಎಂದಳು ಕೌಂಟರಿನ ಹುಡುಗಿ.

"ಎರಡು" ಎಂದೆ.

ಒಂದು ಪೋಡಿಯ ಅರ್ಜಿಗೆ ಹೋಯಿತು. ಇನ್ನೊಂದು ಕವರಿನಲ್ಲಿದೆ. ಭದ್ರಾವತಿಯ ವಿಳಾಸ ಕೇರಿಯಲ್ಲಿ ಯಾರಿಗಾದರೂ ಗೊತ್ತಿರುತ್ತದೆ, ಕೇಳಬೇಕು. ಶುಂಠಿ ಕೀಳುವುದು ಪುಷ್ಯ ಕಳೆದ ಮೇಲಂತೆ.